ಗಲಾಥಿಯಾ ಕೊಲ್ಲಿಯನ್ನು ಎಲ್ಲಿಗೆ ಸ್ಥಳಾಂತರಿಸುವಿರಿ?

ಸಾಗರ ತಾಲ್ಲೂಕು,
ಮಾರ್ಚ್ 2024

ಗೆ,
ಮಾನ್ಯ ಸಚಿವರು,
ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯ,
ಭಾರತ ಸರ್ಕಾರ, ನವದೆಹಲಿ.

ವಿಷಯ: ಅಂಡಮಾನ್-ನಿಕೋಬಾರಿನ ದಕ್ಷಿಣ ತುದಿಯ ಗ್ರೇಟ್ ನಿಕೋಬಾರ್ ದ್ವೀಪದ ಗಲಾಥಿಯಾ ಕೊಲ್ಲಿಯಲ್ಲಿ ಬಂದರು, ಅದರ ಜೊತೆಗೆ ದ್ವೀಪದಲ್ಲಿ ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ನಗರ ನಿರ್ಮಿಸುವ ಯೋಜನೆಯನ್ನು ಮರುಪರಿಶೀಲಿಸುವ ಕುರಿತು.

ಮಾನ್ಯರೇ,

ಕಳೆದ ಜನವರಿಯಲ್ಲಿ ನಾನು ಗ್ರೇಟ್ ನಿಕೋಬಾರ್ ದ್ವೀಪದಲ್ಲಿ ಹನ್ನೊಂದು ದಿನ ಇದ್ದು ಬಂದೆ. ಅಲ್ಲಿ ಕಣ್ಣಾರೆ ಕಂಡದ್ದನ್ನೂ, ಊರಿಗೆ ಮರಳಿದ ಮೇಲೆ ಆ ದ್ವೀಪದ ಬಗ್ಗೆ ತಮ್ಮ ಸಚಿವಾಲಯ ಹೊರಡಿಸಿದ ಕಾಗದಪತ್ರಗಳಲ್ಲಿ ಓದಿದ್ದನ್ನೂ ಎದುರುಬದುರು ಇಟ್ಟು ನೋಡಿದಾಗ ಎರಡಕ್ಕೂ ತಾಳೆಯಾಗಲಿಲ್ಲ. ಆ ಕಾರಣಕ್ಕೆ ಈ ಪತ್ರ. ಇದರ ಹಿಂದಿ ಅನುವಾದವನ್ನು ತಮ್ಮ ಕಚೇರಿಗೆ ಅಂಚೆಯಲ್ಲಿ ಪ್ರತ್ಯೇಕವಾಗಿ ಕಳುಹಿಸುತ್ತಿದ್ದೇನೆ. ಕನ್ನಡದಲ್ಲಿ ಬಹಿರಂಗವಾಗಿ ಬರೆಯುತ್ತಿರುವುದು ನಮ್ಮ ಕಡೆಯವರೂ ಓದಲಿ ಎಂಬ ಉದ್ದೇಶದಿಂದ; ಏಕೆಂದರೆ ಈ ಪತ್ರದಲ್ಲಿ ಮತ್ತೆ ಮತ್ತೆ ಬರಲಿರುವ ‘ಸ್ಥಳಾಂತರ’ ಎಂಬ ಶಬ್ದದ ತೂಕ ಶರಾವತಿ ಕಣಿವೆಯವರಿಗೆ ಚೆನ್ನಾಗಿ ಗೊತ್ತು.

ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಮುಳುಗಡೆ ಕುಟುಂಬದವನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ತುಂಬಿದಾಗ ನನಗೆ ಆರು ವರ್ಷ. ನಮ್ಮ ಅಡಿಕೆ ತೋಟವೂ ಗದ್ದೆಯೂ ನೀರಿನಡಿ ಹೋದವು, ಕರೂರು ಸೀಮೆಯ ಊರುಗಳು ಮೂರು ಕಡೆ ಹಿನ್ನೀರು ಸುತ್ತುವರಿದು ನಡುಗಡ್ಡೆಯಂತಾದವು. ಆಸ್ಪತ್ರೆಗಾಗಲಿ ಕಾಲೇಜಿಗಾಗಲಿ ಸಾಗರ ಪೇಟೆಗೆ ಹೋಗಬೇಕಾದರೆ ಲಾಂಚ್ ಹಿಡಿಯಬೇಕು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆ ರಾತ್ರಿ ಆಚೆ ದಡದಲ್ಲೇ. ಸೇತುವೆಯ ಕೆಲಸ ಈಗ ನಡೆದಿದೆ, ಅರವತ್ತು ವರ್ಷ ಕಳೆದ ಮೇಲೆ. ಹೀಗೆ ಸರ್ಕಾರವೇ ಮಾಡಿಕೊಟ್ಟ ದ್ವೀಪವೊಂದರಲ್ಲಿ ಬೆಳೆದ ನನಗೆ, ದೇವರು ಮಾಡಿದ ದ್ವೀಪವೊಂದನ್ನು ಸಾಯುವುದರೊಳಗೆ ನೋಡಬೇಕೆಂಬ ಆಸೆ ಬಹಳ ಹಳೆಯದು. ನಿವೃತ್ತಿಯ ಹಣದಲ್ಲಿ ಸ್ವಲ್ಪ ಎತ್ತಿಟ್ಟು, ಮಗನ ಗೊಣಗಾಟವನ್ನು ಲೆಕ್ಕಿಸದೆ ಹೊರಟೆ.

ಪೋರ್ಟ್‌ಬ್ಲೇರಿನಿಂದ ಹಡಗಿನಲ್ಲಿ ಎರಡು ದಿನ. ಕಾರ್ ನಿಕೋಬಾರ್, ಕಮೋರ್ಟಾ ದಾಟಿ, ಐನೂರು ಕಿ.ಮೀ.ಗೂ ಹೆಚ್ಚು ದಕ್ಷಿಣಕ್ಕಿರುವ ಕ್ಯಾಂಬೆಲ್ ಬೇ ತಲುಪಬೇಕು. ದ್ವೀಪದ ತುದಿಯಲ್ಲಿರುವ ಇಂದಿರಾ ಪಾಯಿಂಟಿನಿಂದ ನಮ್ಮ ಮುಖ್ಯಭೂಮಿಗಿಂತ ಇಂಡೋನೇಷ್ಯಾದ ಸುಮಾತ್ರಾ ಎಷ್ಟೋ ಹತ್ತಿರ, ಸುಮಾರು 150 ಕಿ.ಮೀ. ಹಡಗಿನಿಂದ ಮೊದಲು ಕಾಣುವುದು ಮೋಡ ಹೊದ್ದ ಗುಡ್ಡಗಳು. ಅತಿ ಎತ್ತರದ ಮೌಂಟ್ ಥುಲಿಯರ್ 642 ಮೀಟರ್. ನೀರಿನ ಅಂಚಿನಿಂದ ನೆತ್ತಿಯವರೆಗೆ ಎಲ್ಲಿಯೂ ಬೋಳು ಎಂಬುದಿಲ್ಲ. ಮಲೆನಾಡಿನಲ್ಲಿ ಹುಟ್ಟಿದವನಿಗೆ ಹಸಿರು ಹೊಸದಲ್ಲ. ಆದರೆ ನಮ್ಮ ಹಸಿರಿನಲ್ಲಿ ಈಗ ಅರ್ಧ ಅಕೇಶಿಯಾ, ಇನ್ನರ್ಧದಲ್ಲಿ ಬಹುಪಾಲು ರಬ್ಬರು, ಅಡಿಕೆ. ನನ್ನ ಅಜ್ಜ ‘ಹೊತ್ತೇ ಕಾಣದ ಕಾಡು’ ಎಂದು ಹೇಳುತ್ತಿದ್ದ ಮಾತಿಗೆ ಅರ್ಥ ತಿಳಿದದ್ದು ನನಗೆ ಅಲ್ಲಿ, ಅರವತ್ತಾರನೆಯ ವಯಸ್ಸಿನಲ್ಲಿ.

ಈ ದ್ವೀಪವನ್ನು 1989ರಲ್ಲಿ ಜೀವಗೋಳ ಮೀಸಲು ಪ್ರದೇಶವೆಂದು ಘೋಷಿಸಿದ್ದು ಭಾರತ ಸರ್ಕಾರವೇ. 2013ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಇಲ್ಲಿ ಎರಡು ರಾಷ್ಟ್ರೀಯ ಉದ್ಯಾನಗಳಿವೆ. ನಿಕೋಬಾರಿನಲ್ಲಲ್ಲದೆ ಬೇರೆಲ್ಲೂ ಇಲ್ಲದ ಉದ್ದಬಾಲದ ಮಂಗ, ಅಳಿಲಿನಂತೆ ಕಂಡರೂ ಅಳಿಲಲ್ಲದ ಮರಮೂಗಿಲಿ, ಗಿಡುಗಕ್ಕಿಂತ ತುಸುವೇ ದೊಡ್ಡದಾದ ಒಂದು ಜಾತಿಯ ಹದ್ದು, ರಾತ್ರಿಯ ಹೊತ್ತು ರಸ್ತೆ ದಾಟುವ ಅಂಗೈಗಿಂತ ದೊಡ್ಡ ತೆಂಗಿನೇಡಿ ಎಂದು ಪಟ್ಟಿ ಮಾಡುತ್ತ ಹೋದರೆ ಪತ್ರ ಮುಗಿಯದು, ಮತ್ತು ಆ ಪಟ್ಟಿ ತಮ್ಮ ಇಲಾಖೆಯ ಬಳಿ ನನ್ನದಕ್ಕಿಂತ ಚೆನ್ನಾಗಿದೆ. ನಾನು ಎರಡು ಜೀವಿಗಳ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಯೋಜನೆಯ ಪ್ರಕಾರ ಇವೆರಡಕ್ಕೂ ಬೇರೆ ದ್ವೀಪಗಳಲ್ಲಿ ಜಾಗ ತೋರಿಸಲಾಗಿದೆ.

ಮೊದಲನೆಯದು ನಿಕೋಬಾರ್ ಮೆಗಾಪೋಡ್. ಊರುಕೋಳಿಯಷ್ಟೇ ದೊಡ್ಡ ಕಂದು ಹಕ್ಕಿ, ಕಾಲು ಮಾತ್ರ ಮೈಗೆ ಮೀರಿ ದೊಡ್ಡದು. ಕಡಲಂಚಿನ ಕಾಡಿನೊಳಗೆ ನಮ್ಮ ಜೊತೆಗಿದ್ದ ಸ್ಥಳೀಯರೊಬ್ಬರು ತೋರಿಸಿದ ಅದರ ಗೂಡನ್ನು ನಾನು ಮೊದಲು ಗೂಡೆಂದು ನಂಬಲಿಲ್ಲ. ಎದೆಮಟ್ಟದ ಮಣ್ಣಿನ ದಿಬ್ಬ, ಮರಳು, ಪುಡಿ ಹವಳ, ತರಗೆಲೆ, ಕೊಳೆತ ಕಡ್ಡಿ ಎಲ್ಲವನ್ನೂ ಕಾಲಿನಿಂದಲೇ ಕೆದರಿ ಒಟ್ಟಿದ್ದು. ಈ ಹಕ್ಕಿ ಕಾವು ಕೂರುವುದಿಲ್ಲ. ಮೊಟ್ಟೆಯನ್ನು ದಿಬ್ಬದೊಳಗೆ ಹುಗಿದು ಹೋಗುತ್ತದೆ, ಕೊಳೆಯುವ ಸೊಪ್ಪಿನ ಬಿಸಿಯೇ ಮರಿ ಮಾಡುತ್ತದೆ. ಚಳಿಗಾಲದ ಬೆಳಿಗ್ಗೆ ಕೊಟ್ಟಿಗೆ ಗೊಬ್ಬರದ ಗುಂಡಿಯಿಂದ ಹಬೆ ಏಳುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಟ್ಟೆಯೊಡೆದ ಮರಿ ತಾನೇ ಮಣ್ಣು ತೋಡಿಕೊಂಡು ಮೇಲೆ ಬಂದು, ತಾಯಿಯ ಮುಖವನ್ನೂ ನೋಡದೆ ಕಾಡು ಸೇರುತ್ತದೆ. ಒಂದೇ ದಿಬ್ಬವನ್ನು ವರ್ಷಗಟ್ಟಲೆ ಬಳಸುತ್ತವೆಯಂತೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ನಿಕೋಬಾರಿನ ಇಂಥ ದಿಬ್ಬಗಳಲ್ಲಿ ಬಹುಪಾಲು ಕೊಚ್ಚಿಹೋದವು, ಉಳಿದ ಹಕ್ಕಿಗಳು ಮತ್ತೆ ಮೊದಲಿನಿಂದ ಒಟ್ಟತೊಡಗಿದವು. ಈಗ ಯೋಜನೆಯ ಕಾಗದಗಳೇ ಹೇಳುವ ಪ್ರಕಾರ, ಗಲಾಥಿಯಾ ಕೊಲ್ಲಿಯ ಸುತ್ತ ಬಳಕೆಯಲ್ಲಿರುವ 51 ಗೂಡುಗಳಲ್ಲಿ ಸುಮಾರು 30 ಶಾಶ್ವತವಾಗಿ ನಾಶವಾಗುತ್ತವೆ. ಮೆಗಾಪೋಡಿಗಾಗಿ ಮೆಂಚಾಲ್ ಎಂಬ ಪುಟ್ಟ ದ್ವೀಪವೊಂದನ್ನು ಪಕ್ಷಿಧಾಮವಾಗಿ ಮೀಸಲಿಟ್ಟಿದ್ದೀರಿ. ಆ ಹಕ್ಕಿಗಳು ಸಮುದ್ರ ದಾಟಿ ಅಲ್ಲಿಗೆ ಹೋಗುವುದು ಹೇಗೆ, ಹೋದರೂ ಅಲ್ಲಿ ಮೊದಲೇ ಇರುವವುಗಳ ಜೊತೆ ಜಾಗ ಸಾಲುವುದೇ ಎಂಬ ಪ್ರಶ್ನೆಗಳಿಗೆ ನಾನು ಓದಿದ ಯಾವ ಕಾಗದದಲ್ಲೂ ಉತ್ತರ ಸಿಗಲಿಲ್ಲ.

ಎರಡನೆಯದು ಲೆದರ್‌ಬ್ಯಾಕ್ ಕಡಲಾಮೆ. ಹೊನ್ನಾವರದ ಕಾಸರಕೋಡಿನಲ್ಲಿ ಆಲಿವ್ ರಿಡ್ಲಿ ಆಮೆಯ ಮರಿಗಳು ಕಡಲಿಗೆ ಇಳಿಯುವುದನ್ನು ನಾನು ವಿದ್ಯಾರ್ಥಿಗಳ ಜೊತೆ ಒಮ್ಮೆ ನೋಡಿದ್ದೆ. ಕಡಲಾಮೆ ಎಂದರೆ ಆ ಗಾತ್ರದ್ದೇ ಎಂಬ ಕಲ್ಪನೆಯಲ್ಲಿಯೇ ಗಲಾಥಿಯಾ ಕೊಲ್ಲಿಗೆ ಹೋದೆ. ಕ್ಯಾಂಬೆಲ್ ಬೇಯಿಂದ ದಕ್ಷಿಣಕ್ಕೆ, ಸುನಾಮಿಯಲ್ಲಿ ಕಿತ್ತುಹೋಗಿ ಮತ್ತೆ ಕೂಡಿಸಿದ ರಸ್ತೆಯಲ್ಲಿ, ಪಡೆಯಬೇಕಾದ ಅನುಮತಿಗಳನ್ನೆಲ್ಲ ಪಡೆದು, ಅರಣ್ಯ ಕಾವಲುಗಾರರೊಬ್ಬರ ಜೊತೆ ಕತ್ತಲಿರುವಾಗಲೇ ಹೊರಟಿದ್ದೆವು. ಅಲ್ಲಿ ಐದೂವರೆಗೆಲ್ಲ ಬೆಳಕು ಹರಿಯುತ್ತದೆ. ನಾಲ್ಕೂಮುಕ್ಕಾಲಿಗೆ ದಡ ಮುಟ್ಟಿದಾಗ ಮೊದಲು ಕೇಳಿಸಿದ್ದು ಉಸಿರು. ಭಾರದ ಗಾಡಿಯನ್ನು ಏರಿಗೆ ಎಳೆಯುವ ಎತ್ತು ಬಿಡುವಂಥ ಉಸಿರು. ಕೆಂಪು ಬೆಳಕಿನ ಟಾರ್ಚನ್ನು ಕಾವಲುಗಾರರು ಆ ಕಡೆ ಹಿಡಿದಾಗ, ನಾನು ಮಲಗಿದರೆ ಎಷ್ಟುದ್ದವೋ ಅಷ್ಟುದ್ದದ ಆಮೆಯೊಂದು ತನ್ನ ಮೊಟ್ಟೆಗುಳಿಯನ್ನು ಮುಚ್ಚುತ್ತಿತ್ತು. ಬೆನ್ನಿಗೆ ಚಿಪ್ಪಿಲ್ಲ, ಒದ್ದೆ ಟೈರಿನಂಥ ಕಪ್ಪು ತೊಗಲು, ಅದರ ಮೇಲೆ ಉದ್ದಕ್ಕೂ ಏಳು ಏಣುಗಳು. ಮುಂಗಾಲನ್ನು ಬೀಸಿದಾಗಲೆಲ್ಲ ಮರಳು ಹಿಂದಕ್ಕೆ ಚಿಮ್ಮಿ ನಮ್ಮ ಕಾಲಿನವರೆಗೆ ಬೀಳುತ್ತಿತ್ತು. ಕಣ್ಣಿನಿಂದ ಲೋಳೆಯಂಥ ನೀರು ಸುರಿದು ಅದಕ್ಕೆ ಮರಳು ಮೆತ್ತಿಕೊಂಡಿತ್ತು. ಮೈಯೊಳಗಿನ ಉಪ್ಪನ್ನು ಹೊರಹಾಕುವ ವಿಧಾನ ಅದೆಂದು ಪಾಠ ಹೇಳಿದ ಮೇಷ್ಟ್ರಾದ ನನಗೂ ಆ ಹೊತ್ತಿಗೆ ಅದು ಅಳುವಂತೆಯೇ ಕಂಡಿತು ಎಂದು ಒಪ್ಪಿಕೊಳ್ಳುತ್ತೇನೆ.

ಹದಿನೈದು ಹೆಜ್ಜೆ ದೂರದಲ್ಲಿ ನಮ್ಮನ್ನು ಕೂರಿಸಿದ್ದರು. ಆಮೆ ಎರಡು ಸುತ್ತು ಹಾಕಿ, ಎಲ್ಲಿ ಮೊಟ್ಟೆ ಇಟ್ಟಿತೆಂದು ಯಾರಿಗೂ ಗುರುತು ಸಿಗದಂತೆ ಮರಳನ್ನೆಲ್ಲ ಕಲಸಿ, ನಾಲ್ಕು ಹೆಜ್ಜೆ ಎಳೆಯುವುದು, ನಿಲ್ಲುವುದು, ಉಸಿರು ಬಿಡುವುದು, ಹೀಗೆ ಮಾಡುತ್ತ ಇಪ್ಪತ್ತು ನಿಮಿಷದಲ್ಲಿ ನೀರು ಮುಟ್ಟಿತು. ಮೊದಲ ಅಲೆ ಮೈಮೇಲೆ ಹಾಯ್ದದ್ದೇ ತಡ, ಅಷ್ಟು ಹೊತ್ತು ತೆವಳಿದ ಆ ಭಾರವೆಲ್ಲ ಒಮ್ಮೆಗೇ ಹಗುರಾಗಿ ಕಾಣೆಯಾಯಿತು. ಬೆಳಕಾದ ಮೇಲೆ ಮರಳಿನಲ್ಲಿ ಉಳಿದ ಜಾಡನ್ನು ನನ್ನ ಕೊಡೆಯಿಂದ ಅಳೆದೆ: ಎರಡು ಕೊಡೆಯಷ್ಟು ಅಗಲ, ಟ್ರ್ಯಾಕ್ಟರ್ ಗದ್ದೆಗೆ ಇಳಿದು ಹತ್ತಿದ ಹಾಗೆ. ‘ಇನ್ನು ಹತ್ತು ದಿನಕ್ಕೆ ಮತ್ತೆ ಬರುತ್ತಾಳೆ’ ಎಂದರು ಕಾವಲುಗಾರರು, ನೆಂಟರ ವಿಷಯ ಹೇಳುವವರಂತೆ. ಒಂದೇ ಋತುವಿನಲ್ಲಿ ಸುಮಾರು ಹತ್ತು ದಿನಕ್ಕೊಮ್ಮೆ ಹೀಗೆ ಹಲವು ಸಲ ಬಂದು ಮೊಟ್ಟೆ ಇಟ್ಟು, ಆಮೇಲೆ ಇವು ಸಾಗರ ದಾಟಿ ಹೋಗುತ್ತವೆ. ಲಿಟಲ್ ಅಂಡಮಾನಿನಲ್ಲಿ ಮೊಟ್ಟೆಯಿಟ್ಟ ಇಂಥ ಹತ್ತು ಆಮೆಗಳಿಗೆ 2011ರಿಂದ 2014ರ ನಡುವೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ದಕ್ಷಿಣ್ ಫೌಂಡೇಶನ್ನಿನ ವಿಜ್ಞಾನಿಗಳು ಉಪಗ್ರಹ ಸಾಧನ ಅಂಟಿಸಿ ಹಿಂಬಾಲಿಸಿದ್ದಾರೆ. ಕೆಲವು ಆಸ್ಟ್ರೇಲಿಯಾದ ಕಡೆಗೆ ಹೋದವು, ಒಂದು 13,000 ಕಿ.ಮೀ.ಗೂ ಹೆಚ್ಚು ಈಜಿ ಆಫ್ರಿಕಾದ ಮೊಜಾಂಬಿಕ್ ಹತ್ತಿರ ಮುಟ್ಟಿತು. ಅಷ್ಟು ದೂರ ಹೋದ ಪ್ರಾಣಿ ಮೊಟ್ಟೆಯಿಡಲು ತಿರುಗಿ ಬರುವುದು ತನ್ನ ತಾಯಿ ಮೊಟ್ಟೆಯಿಟ್ಟ ತೀರಗಳಿಗೆ.

ಸಚಿವರೇ, ಆ ತೀರದ ಕಥೆಯಲ್ಲಿ ಕಾಗದದ ಭಾಗ ಹೀಗಿದೆ. 1997ರಲ್ಲಿ ಗಲಾಥಿಯಾ ಕೊಲ್ಲಿಯನ್ನು ವನ್ಯಜೀವಿ ಧಾಮವಾಗಿ ಘೋಷಿಸಲಾಯಿತು. 2021ರ ಜನವರಿ ಮೊದಲ ವಾರದಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಇಡೀ ಧಾಮವನ್ನು ಡಿನೋಟಿಫೈ ಮಾಡಲು ಒಪ್ಪಿತು. (ಕರ್ನಾಟಕದವರಿಗೆ ಈ ಪದದ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.) ಅದಾದ ಕೆಲವೇ ವಾರಗಳಲ್ಲಿ ತಮ್ಮದೇ ಸಚಿವಾಲಯ ಬಿಡುಗಡೆ ಮಾಡಿದ ರಾಷ್ಟ್ರೀಯ ಕಡಲಾಮೆ ಕ್ರಿಯಾ ಯೋಜನೆಯಲ್ಲಿ ದೇಶದ ಮುಖ್ಯ ಕಡಲಾಮೆ ನೆಲೆಗಳ ಪಟ್ಟಿಯಿದ್ದು, ಅದರಲ್ಲಿ ಗಲಾಥಿಯಾ ಕೊಲ್ಲಿಯ ಹೆಸರೂ ಇದೆ. ಒಂದೇ ಕಚೇರಿಯ ಒಂದು ಮೇಜಿನಿಂದ ರಕ್ಷಣೆಯನ್ನು ತೆಗೆದುಹಾಕುವ ಕಾಗದ, ಇನ್ನೊಂದು ಮೇಜಿನಿಂದ ರಕ್ಷಿಸಲೇಬೇಕೆನ್ನುವ ಕಾಗದ. ನನ್ನ ತರಗತಿಯಲ್ಲಿ ಒಬ್ಬನೇ ಹುಡುಗ ಒಂದೇ ಪ್ರಶ್ನೆಗೆ ಹೀಗೆ ಎರಡು ಉತ್ತರ ಬರೆದಿದ್ದರೆ ಅವನನ್ನು ಎದ್ದು ನಿಲ್ಲಿಸಿ ‘ಇದರಲ್ಲಿ ಯಾವುದು ನಿನ್ನದು?’ ಎಂದು ಕೇಳುತ್ತಿದ್ದೆ.

2022ರಲ್ಲಿ ಲಿಟಲ್ ನಿಕೋಬಾರಿನಲ್ಲಿ ಲೆದರ್‌ಬ್ಯಾಕ್ ಆಮೆಗೆ, ಮೆಂಚಾಲಿನಲ್ಲಿ ಮೆಗಾಪೋಡಿಗೆ, ಮೆರೋ ದ್ವೀಪದಲ್ಲಿ ಹವಳಕ್ಕೆ ಎಂದು ಮೂರು ಹೊಸ ಧಾಮಗಳನ್ನು ಘೋಷಿಸಲಾಯಿತು. ಘೋಷಣೆ ಒಳ್ಳೆಯದೇ, ಬೇಡವೆನ್ನುವವರು ಯಾರು? ಆದರೆ ಇದ್ದ ಮನೆಯನ್ನು ಕೆಡವುವುದಕ್ಕೆ ಅದನ್ನು ಸಮಾಧಾನವಾಗಿ ತೋರಿಸುವುದು ಸರಿಯಲ್ಲ. ಗಲಾಥಿಯಾದಲ್ಲಿ ಬಂದರು ಬಂದರೆ ಕೊಲ್ಲಿಯ ಬಾಯಿಗೆ ತಡೆಗೋಡೆ ಬರುತ್ತದೆ, ಹಡಗಿಗಾಗಿ ಹೂಳೆತ್ತುತ್ತಾರೆ, ರಾತ್ರಿಯಿಡೀ ದೀಪ ಉರಿಯುತ್ತದೆ. ಮೊಟ್ಟೆಯೊಡೆದ ಮರಿಗಳು ಕಡಲನ್ನು ಗುರುತಿಸುವುದು ದಿಗಂತದ ಬೆಳಕಿನಿಂದ. ದಡದ ದೀಪ ಕಂಡರೆ ಅವು ದೀಪದ ಕಡೆಗೆ ನಡೆಯುತ್ತವೆ. ಇದು ಗೊತ್ತಿಲ್ಲದ ವಿಷಯವಲ್ಲ, ತಮ್ಮ ಕ್ರಿಯಾ ಯೋಜನೆಯನ್ನು ಬರೆದವರಿಗೆ ಖಂಡಿತ ಗೊತ್ತು. ಇನ್ನು ಹವಳದ ಲೆಕ್ಕ: 20,668 ಹವಳದ ಸಮೂಹಗಳಲ್ಲಿ 16,150ನ್ನು ಕಿತ್ತು ಬೇರೆಡೆ ನೆಡಲಾಗುವುದಂತೆ. ಉಳಿದ 4,518ರ ಗತಿ ಏನೆಂಬುದು ಎಲ್ಲಿಯೂ ಹೇಳಿಲ್ಲವೆಂದು 2023ರ ಏಪ್ರಿಲಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ ಗಮನಿಸಿತು. ಯೋಜನೆಗೆ ತಮ್ಮ ಸಚಿವಾಲಯ ಕೊಟ್ಟಿದ್ದ ಪರಿಸರ ಅನುಮತಿಯನ್ನು ರದ್ದುಪಡಿಸಲು ಅದು ಒಪ್ಪಲಿಲ್ಲ ಎಂಬುದೂ ನಿಜ. ಆದರೆ ಇಂಥ ಕೊರತೆಗಳನ್ನು ಮತ್ತೆ ನೋಡಲು ಉನ್ನತಾಧಿಕಾರ ಸಮಿತಿಯೊಂದನ್ನು ರಚಿಸಿತು. ಅದರ ಅಧ್ಯಕ್ಷರು ತಮ್ಮ ಸಚಿವಾಲಯದ ಕಾರ್ಯದರ್ಶಿಗಳು. ಅನುಮತಿ ಕೊಟ್ಟವರೇ ಅನುಮತಿಯನ್ನು ಪರಿಶೀಲಿಸಿದ ಆ ವರದಿ ಪೂರ್ತಿಯಾಗಿ ಸಾರ್ವಜನಿಕರ ಕೈಗೆ ಇನ್ನೂ ಬಂದಿಲ್ಲ.

ಮರಗಳ ಲೆಕ್ಕವೂ ಹೀಗೆಯೇ. ಸುಮಾರು 910 ಚದರ ಕಿ.ಮೀ. ದ್ವೀಪದಲ್ಲಿ 166 ಚದರ ಕಿ.ಮೀ. ಈ ಯೋಜನೆಗೆ, ಅದರಲ್ಲಿ 130 ಚದರ ಕಿ.ಮೀ.ಗೂ ಹೆಚ್ಚು ಅರಣ್ಯ. ಕಡಿಯಬೇಕಾಗುವ ಮರಗಳು 9.64 ಲಕ್ಷ ಎಂದು ಸರ್ಕಾರವೇ ಕಳೆದ ವರ್ಷ ಸಂಸತ್ತಿಗೆ ತಿಳಿಸಿದೆ. ಇದಕ್ಕೆ ಬದಲಾಗಿ ಹರಿಯಾಣದಲ್ಲಿ ಗಿಡ ನೆಡುವುದಂತೆ. ಹರಿಯಾಣದಲ್ಲಿ ಗಿಡ ಬೇಕು, ಬೇಡವೆನ್ನುವುದಿಲ್ಲ. ಆದರೆ ಒಣನೆಲದ ಅರಾವಳಿಯ ತಪ್ಪಲಿನಲ್ಲಿ ನೆಟ್ಟ ಗಿಡ, ವರ್ಷವಿಡೀ ಮಳೆ ಹೀರುವ ಸಮಭಾಜಕದ ಕಾಡಿಗೆ ‘ಪರಿಹಾರ’ವಾಗುವುದು ಹೇಗೆ? ಮಲೆನಾಡಿನಲ್ಲಿ ನಾವು ಇದನ್ನು ಬಾಳಿ ನೋಡಿದ್ದೇವೆ. ಬೀಟೆ, ಹೊನ್ನೆ, ಮತ್ತಿಯ ಕಾಡು ಹೋದ ಜಾಗದಲ್ಲಿ ಸಾಲಾಗಿ ಅಕೇಶಿಯಾ ನೆಟ್ಟು, ಅದನ್ನೂ ದಾಖಲೆಯಲ್ಲಿ ಅರಣ್ಯವೆಂದೇ ಬರೆದರು. ಆ ನೆಡುತೋಪಿನೊಳಗೆ ಹಕ್ಕಿಯ ದನಿಯಿಲ್ಲ, ಬುಡದಲ್ಲಿ ಹುಲ್ಲೂ ಇಲ್ಲ.

ಈಗ ಮನುಷ್ಯರ ವಿಷಯಕ್ಕೆ ಬರುತ್ತೇನೆ. ದ್ವೀಪದ ಒಳಕಾಡಿನಲ್ಲಿ ಶೋಂಪೆನ್ ಜನರಿದ್ದಾರೆ. 2011ರ ಜನಗಣತಿಯಲ್ಲಿ 229 ಮಂದಿ. ನಾನು ಅವರನ್ನು ನೋಡಲಿಲ್ಲ, ನೋಡಲು ಪ್ರಯತ್ನಿಸಲೂ ಇಲ್ಲ; ಕಾನೂನು ಅದನ್ನು ತಡೆಯುತ್ತದೆ, ತಡೆಯುವುದೇ ಸರಿ. ಹೊರಗಿನ ನೆಗಡಿ-ಜ್ವರವೂ ಅವರಿಗೆ ಮಾರಿಯಾಗಬಹುದು. ಎಂಟು ಸಾವಿರದಷ್ಟು ಜನರಿರುವ ದ್ವೀಪಕ್ಕೆ ಮೂರೂವರೆ ಲಕ್ಷ ಜನರನ್ನು ತರುವ ನಗರ ಬಂದರೆ ಆ 229 ಜನರ ಪಾಡೇನು ಎಂದು ಕೇಳಿ, 13 ದೇಶಗಳ 39 ವಿದ್ವಾಂಸರು ಹೋದ ತಿಂಗಳಷ್ಟೇ ರಾಷ್ಟ್ರಪತಿಯವರಿಗೆ ಪತ್ರ ಬರೆದಿದ್ದಾರೆ. ಅದಕ್ಕೆ ನಾನು ಸೇರಿಸುವುದೇನೂ ಇಲ್ಲ.

ನಾನು ಭೇಟಿಯಾದದ್ದು ನಿಕೋಬಾರಿ ಜನರನ್ನು. ಸುನಾಮಿಗೆ ಮುಂಚೆ ದ್ವೀಪದ ದಕ್ಷಿಣ ಮತ್ತು ಪಶ್ಚಿಮದ ಕರಾವಳಿಯಲ್ಲಿ ಅವರ ಹಳ್ಳಿಗಳಿದ್ದವು. ಆ ದಿನ ಬದುಕುಳಿದವರನ್ನು ಕರೆತಂದು ಕ್ಯಾಂಬೆಲ್ ಬೇ ಹತ್ತಿರದ ರಾಜೀವ್ ನಗರದಂಥ ಕಡೆ ತಾತ್ಕಾಲಿಕವಾಗಿ ಇಟ್ಟರು. ಬರುವ ಡಿಸೆಂಬರಿಗೆ ಆ ತಾತ್ಕಾಲಿಕಕ್ಕೆ ಇಪ್ಪತ್ತು ವರ್ಷ. ತಗಡಿನ ಮಾಡಿನ ಮನೆಯೊಂದರ ಜಗಲಿಯಲ್ಲಿ ಹಿರಿಯರೊಬ್ಬರು ಎಳನೀರು ಕೆತ್ತಿ ಕೊಟ್ಟು, ಮುರುಕು ಹಿಂದಿಯಲ್ಲಿ (ನನ್ನದೂ ಅಷ್ಟೇ ಮುರುಕು) ತಮ್ಮ ಹಳೆಯ ಊರಿನ ತೆಂಗಿನ ತೋಟ, ಹಂದಿಗಳು, ಪಾಂಡಾನಸ್ ಮರಗಳ ವಿಷಯ ಹೇಳಿದರು. ಅದು ನಮ್ಮ ಕೇದಗೆಯ ಜಾತಿಯ ಮರ. ನಾವು ಹೂವನ್ನು ಮುಡಿದು ಬಿಡುತ್ತೇವೆ, ಅವರು ಹಲಸಿನಷ್ಟು ದೊಡ್ಡ ಅದರ ಹಣ್ಣನ್ನು ಬೇಯಿಸಿ ತಿರುಳು ತೆಗೆದು ಊಟ ಮಾಡುತ್ತಾರೆ. ಈ ಜಾಗದಲ್ಲಿ ಅದು ಬೇಕಾದಷ್ಟಿಲ್ಲ, ಅಕ್ಕಿ ಕೊಂಡು ತಿನ್ನಬೇಕು ಎಂದರು. ಊರಿಗೆ ಹಿಂದಿರುಗಲು ಬಿಡಿ ಎಂದು ಕೇಳುತ್ತಲೇ ಇದ್ದಾರಂತೆ. ಅವರು ಕೈ ಚಾಚಿ ದಕ್ಷಿಣದ ಕಡೆ ತೋರಿಸಿದ ರೀತಿ ನನಗೆ ಹೊಸದಾಗಿರಲಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ನನ್ನ ಅವ್ವ ದಡದಲ್ಲಿ ನಿಂತು, ಒಣಗಿದ ಕೆಸರಿನ ಕಡೆ ಹೀಗೆಯೇ ಕೈ ತೋರಿಸಿ ‘ಅಲ್ಲಿ ಬಾವಿ, ಅದರ ಈಚೆಗೆ ಹಣ್ಣಡಿಕೆ ಒಣಗಿಸುವ ಅಂಗಳ’ ಎನ್ನುತ್ತಿದ್ದರು.

ಗ್ರೇಟ್ ಮತ್ತು ಲಿಟಲ್ ನಿಕೋಬಾರಿನ ಬುಡಕಟ್ಟು ಮಂಡಳಿಯು 2022ರ ಆಗಸ್ಟಿನಲ್ಲಿ ನಿರಾಕ್ಷೇಪಣಾ ಪತ್ರ ಕೊಟ್ಟಿತ್ತು ಎಂಬುದನ್ನು ಯೋಜನೆಯ ಪರವಾಗಿ ಹೇಳುವವರು ನೆನಪಿಸುತ್ತಾರೆ. ಅದೇ ವರ್ಷ ನವೆಂಬರಿನಲ್ಲಿ, ತಮಗೆ ಪೂರ್ತಿ ವಿಷಯ ತಿಳಿಸಿರಲಿಲ್ಲ, ಸುನಾಮಿಗೆ ಮುಂಚಿನ ತಮ್ಮ ಊರುಗಳೂ ಇದರಲ್ಲಿ ಹೋಗುತ್ತವೆಂದು ಆಮೇಲೆ ಗೊತ್ತಾಯಿತು ಎಂದು ಅದೇ ಮಂಡಳಿ ತನ್ನ ಒಪ್ಪಿಗೆಯನ್ನು ಹಿಂದಕ್ಕೆ ಪಡೆದ ಪತ್ರವೂ ಇದೆ. ಮೊದಲನೆಯ ಪತ್ರಕ್ಕೆ ಇರುವ ಬೆಲೆ ಎರಡನೆಯದಕ್ಕೆ ಏಕಿಲ್ಲ? ನಮ್ಮ ಹಿರಿಯರು ಓದಲು ಬಾರದ ಕಾಗದಗಳಿಗೆ ಹೆಬ್ಬೆಟ್ಟು ಒತ್ತಿದರು. ಅವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಶಿವಮೊಗ್ಗಕ್ಕೂ ಬೆಂಗಳೂರಿಗೂ ಅಲೆಯುತ್ತಿದ್ದಾರೆ. ನಾಡಿಗೆಲ್ಲ ಬೆಳಕು ಕೊಟ್ಟ ಅಣೆಕಟ್ಟೆ ಅದು, ಅಲ್ಲಗಳೆಯುವುದಿಲ್ಲ. ಆ ಬೆಳಕು ಮುಳುಗಡೆಯವರ ಎಷ್ಟೋ ಮನೆಗಳಿಗೆ ಎಲ್ಲರಿಗಿಂತ ಕೊನೆಯಲ್ಲಿ ಬಂತು, ಅಷ್ಟೆ.

ಯೋಜನೆ ಬೇಕೆನ್ನುವವರ ಮಾತನ್ನೂ ನಾನು ಕೇಳಿಸಿಕೊಂಡೆ, ಅದನ್ನು ಮುಚ್ಚಿಟ್ಟರೆ ಈ ಪತ್ರ ಪ್ರಾಮಾಣಿಕವಾಗುವುದಿಲ್ಲ. 1969ರಿಂದೀಚೆಗೆ ಪಂಜಾಬ್, ಮಹಾರಾಷ್ಟ್ರ, ಕೇರಳ ಮುಂತಾದ ಕಡೆಗಳಿಂದ ತಂದು ನೆಲೆಗೊಳಿಸಿದ ಮಾಜಿ ಸೈನಿಕರ ಕುಟುಂಬಗಳು ಅಲ್ಲಿವೆ. ಅವರಲ್ಲಿ ಯೋಜನೆ ಬರಲಿ ಎನ್ನುವವರಿದ್ದಾರೆ. ಏಕೆ ಎಂದು ಕೇಳಿದಾಗ ಸಿಕ್ಕ ಉತ್ತರ ಬಂದರಲ್ಲ, ವಿಮಾನ ನಿಲ್ದಾಣವೂ ಅಲ್ಲ. ಹೆರಿಗೆ ಕಷ್ಟವಾದರೆ ಪೋರ್ಟ್‌ಬ್ಲೇರಿಗೆ ಸಾಗಿಸಬೇಕು, ಹೆಲಿಕಾಪ್ಟರಿನಲ್ಲಿ ಸೀಟು ಸಿಗುವುದಿಲ್ಲ, ಸಮುದ್ರ ಕೆಟ್ಟರೆ ಹಡಗಿಲ್ಲ, ಮಕ್ಕಳಿಗೆ ಕೆಲಸವಿಲ್ಲ. ಕೊನೆಯ ಲಾಂಚ್ ತಪ್ಪಿಸಿಕೊಂಡು ಹೊಳೆಬಾಗಿಲಿನಲ್ಲಿ ರಾತ್ರಿ ಕಳೆದವನಿಗೆ ಈ ಮಾತು ಅರ್ಥವಾಗದಿರಲು ಸಾಧ್ಯವಿಲ್ಲ. ಆದರೆ ಇವರು ಕೇಳುತ್ತಿರುವುದು ಒಬ್ಬ ಶಸ್ತ್ರಚಿಕಿತ್ಸಕ ವೈದ್ಯರನ್ನು, ವಾರಕ್ಕೆರಡು ನಂಬಿಕೆಯ ಹಡಗನ್ನು. ಕೊಡಲು ಹೊರಟಿರುವುದು 72,000 ಕೋಟಿ ರೂಪಾಯಿಯ ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ನಗರ. ದೇಶದ ರಕ್ಷಣೆಯ ಮಾತೂ ಇದೆ, ಮಲಾಕ್ಕಾ ಜಲಸಂಧಿಯ ಹಡಗುದಾರಿ ಅಲ್ಲಿಗೆ ಹತ್ತಿರ ಎನ್ನುವುದೂ ನಿಜ. ಅದಕ್ಕಾಗಿಯೇ 2012ರಿಂದ ಕ್ಯಾಂಬೆಲ್ ಬೇಯಲ್ಲಿ ನೌಕಾಪಡೆಯ ಐಎನ್‌ಎಸ್ ಬಾಜ್ ನೆಲೆಯಿದೆ. ಅದನ್ನು ಬಲಪಡಿಸುವುದಕ್ಕೆ ನನ್ನ ಆಕ್ಷೇಪವಿಲ್ಲ. ದೊಡ್ಡ ಹಡಗಿನ ಕಂಟೇನರನ್ನು ಸಣ್ಣ ಹಡಗಿಗೆ ಏರಿಸುವ ವ್ಯಾಪಾರದ ಬಂದರು, ಮೂರೂವರೆ ಲಕ್ಷ ಜನರ ಪಟ್ಟಣ, ಪ್ರವಾಸಿಗರ ರೆಸಾರ್ಟು ಇವು ಗಡಿ ಕಾಯುವುದು ಹೇಗೆಂಬುದಷ್ಟೇ ನನಗೆ ಹೊಳೆಯುತ್ತಿಲ್ಲ.

ಇಷ್ಟಕ್ಕೂ ಆ ನೆಲ ಗಟ್ಟಿಯೇ ಎಂಬ ಪ್ರಶ್ನೆಯೊಂದಿದೆ. ಇಂದಿರಾ ಪಾಯಿಂಟಿನ ದೀಪಸ್ತಂಭವನ್ನು ಕಟ್ಟಿದ್ದು ನೆಲದ ಮೇಲೆ. ಸುನಾಮಿಯ ದಿನ ಭೂಕಂಪದಲ್ಲಿ ಆ ತುದಿ ನಾಲ್ಕು ಮೀಟರಿಗೂ ಹೆಚ್ಚು ಕುಸಿಯಿತು. ಇಂದು ಕೆಂಪು ಬಿಳಿ ಪಟ್ಟೆಯ ಆ ಕಂಬದ ಬುಡದಲ್ಲಿ ಅಲೆ ಒಡೆಯುತ್ತದೆ. ತೀರದುದ್ದಕ್ಕೂ ಅಂದು ಸತ್ತ ಮರಗಳ ಬಿಳಿಚಿದ ಬೊಡ್ಡೆಗಳು ಇನ್ನೂ ನಿಂತಿವೆ. ಭೂಕಂಪದ ಐದನೆಯ ವಲಯ, ಅಂದರೆ ದೇಶದಲ್ಲೇ ಅತಿ ಅಪಾಯದ ವಲಯ ಅದು. ಗಲಾಥಿಯಾದ ಮರಳು ದಂಡೆ ಆಗ ಪೂರ್ತಿ ಕೊಚ್ಚಿಹೋಗಿತ್ತು, ಕೆಲವೇ ವರ್ಷಗಳಲ್ಲಿ ಸಮುದ್ರವೇ ಅದನ್ನು ಮತ್ತೆ ಕಟ್ಟಿಕೊಟ್ಟಿತು, ಆಮೆಗಳು ಮತ್ತೆ ಬಂದವು. ಕಾಂಕ್ರೀಟಿನ ತಡೆಗೋಡೆ ಕುಸಿದರೆ ಅದನ್ನು ಸಮುದ್ರ ಕಟ್ಟಿಕೊಡುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆಗಳನ್ನು ತಮ್ಮ ಮುಂದಿಡುತ್ತೇನೆ. ಉನ್ನತಾಧಿಕಾರ ಸಮಿತಿಯ ವರದಿಯನ್ನು ಒಂದು ಪುಟವನ್ನೂ ಮರೆಮಾಡದೆ ಪ್ರಕಟಿಸಿ. ರಕ್ಷಣೆಯ ಗುಟ್ಟಿದ್ದರೆ ಆ ಸಾಲುಗಳಿಗೆ ಮಸಿ ಬಳಿಯಿರಿ. ಆಮೆ, ಹವಳ, ಹಕ್ಕಿಯ ಅಧ್ಯಾಯಗಳಲ್ಲಿ ಗುಟ್ಟೇನೂ ಇರಲಾರದು. ಗಲಾಥಿಯಾ ಕೊಲ್ಲಿಗೆ ವನ್ಯಜೀವಿ ಧಾಮದ ಸ್ಥಾನವನ್ನು ಮರಳಿ ಕೊಡಿಸಿ, ಅಲ್ಲಿಯವರೆಗೆ ಆ ದಂಡೆಯಲ್ಲಿ ಒಂದು ಗೂಟವನ್ನೂ ನೆಡದಂತೆ ಅನುಮತಿಯನ್ನು ತಡೆಹಿಡಿಯಿರಿ. ನಿಕೋಬಾರಿಗಳಿಗೆ ಅವರ ಹಳೆಯ ಊರುಗಳಿಗೆ ಹೋಗಲು ದಾರಿ ಮಾಡಿಕೊಡಿ. ಬುಡಕಟ್ಟು ಮಂಡಳಿಯ ಎರಡನೆಯ ಪತ್ರಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡಿ, ಅವರ ಭಾಷೆಯಲ್ಲಿ ಕೊಡಿ. ವೈದ್ಯರನ್ನೂ ಹಡಗನ್ನೂ ಈ ಯೋಜನೆಗೆ ಗಂಟು ಹಾಕದೆ ಈಗಲೇ ಒದಗಿಸಲು ಸಂಬಂಧಪಟ್ಟ ಇಲಾಖೆಗಳಿಗೆ ಬರೆಯಿರಿ, ಅದಕ್ಕೆ ಒಂದು ಮರವನ್ನೂ ಕಡಿಯಬೇಕಾಗಿಲ್ಲ.

ಇನ್ನೊಂದು ಕೋರಿಕೆ, ಇದು ತಮಗೆ ವೈಯಕ್ತಿಕವಾಗಿ. ಮುಂದಿನ ಡಿಸೆಂಬರ್ ಮತ್ತು ಫೆಬ್ರವರಿಯ ನಡುವೆ ಒಮ್ಮೆ ಗಲಾಥಿಯಾ ಕೊಲ್ಲಿಗೆ ಹೋಗಿ ಬನ್ನಿ. ಬೆಂಗಾವಲಿನ ವಾಹನಗಳನ್ನು ರಸ್ತೆಯಲ್ಲೇ ಬಿಟ್ಟು, ಒಬ್ಬ ಅರಣ್ಯ ಕಾವಲುಗಾರರ ಜೊತೆ, ಬಿಳಿ ದೀಪ ಉರಿಸದೆ, ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ಆ ಮರಳಿನಲ್ಲಿ ಕುಳಿತುಕೊಳ್ಳಿ. ನಾನು ನೋಡಿದ ಗುಳಿಯ ಮೊಟ್ಟೆಗಳಿಗೆ ಎರಡು ತಿಂಗಳ ಲೆಕ್ಕ ಹಿಡಿದರೆ, ಈ ಪತ್ರ ತಮ್ಮ ಮೇಜಿಗೆ ತಲುಪುವ ಹೊತ್ತಿಗೆ ಮರಿಗಳು ಕಡಲು ಸೇರಿರುತ್ತವೆ.

ಗೌರವಾದರಗಳೊಂದಿಗೆ,

ತಮ್ಮ ವಿಶ್ವಾಸಿ,
ಮುಳುಗಡೆ ಕುಟುಂಬದ ಒಬ್ಬ ನಿವೃತ್ತ ಶಿಕ್ಷಕ,
ಕರೂರು ಸೀಮೆ, ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ